‘ಇಲ್ಲ’ ಅನ್ನೋದನ್ನ ಯಾರು ಬರೆದುಕೊಳ್ತಾರೆ?



2025ರ ಮೇ ತಿಂಗಳಲ್ಲಿ ನಡೆದ ಗಲಾಟೆ ನಿಮಗೆ ನೆನಪಿರಬಹುದು. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರೋ ಜನೌಷಧಿ ಕೇಂದ್ರಗಳನ್ನ ಮುಚ್ಚಬೇಕು ಅಂತ ರಾಜ್ಯ ಸರ್ಕಾರ ಆದೇಶ ಮಾಡಿತು. ಆಸ್ಪತ್ರೆಯೊಳಗೆ ಔಷಧಿ ಉಚಿತವಾಗಿಯೇ ಕೊಡುವಾಗ ಅದೇ ಕಾಂಪೌಂಡಿನಲ್ಲಿ ದುಡ್ಡು ಕೊಟ್ಟು ಕೊಳ್ಳೋ ಅಂಗಡಿ ಯಾಕೆ ಅನ್ನೋದು ಸರ್ಕಾರದ ವಾದ. ಬಡವರ ಕೈಯಿಂದ ಅಗ್ಗದ ಮಾತ್ರೆ ಕಿತ್ತುಕೊಳ್ತಿದ್ದೀರಿ ಅನ್ನೋದು ವಿರೋಧ ಪಕ್ಷದವರ ವಾದ. ವಿಷಯ ಹೈಕೋರ್ಟ್ ಮೆಟ್ಟಿಲೂ ಹತ್ತಿತು. ನಾವೂ ಸುಮ್ಮನಿರಲಿಲ್ಲ. ಸ್ಟುಡಿಯೋದಲ್ಲಿ ಎರಡೂ ಕಡೆಯವರನ್ನ ಕೂರಿಸಿ ಒಂದು ಗಂಟೆ ಚರ್ಚೆ ಮಾಡಿಸಿದ್ವಿ. ಚರ್ಚೆ ಅಂದ್ರೆ ನಿಮಗೆ ಗೊತ್ತಲ್ಲ, ಯಾರ ಧ್ವನಿ ದೊಡ್ಡದು ಅನ್ನೋ ಪಂದ್ಯ.

ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ವೀಕ್ಷಕರ ಫೋನ್ ನನಗೆ ಕೊಟ್ಟರು. ಚಾಮರಾಜಪೇಟೆಯ ಹೆಣ್ಣುಮಗಳು.

“ಸಾರ್, ಅಂಗಡಿ ಇರಲಿ, ಮುಚ್ಚಲಿ, ನಮಗೇನಾಗಬೇಕು. ನಮ್ಮತ್ತೆಗೆ ಬಿಪಿ ಮಾತ್ರೆ ಬೇಕು. ಮೂರು ತಿಂಗಳಿಂದ ಕೌಂಟರಲ್ಲಿ ಇಲ್ಲ ಅಂತಿದಾರೆ. ಉಚಿತ ಉಚಿತ ಅಂತ ನೀವೆಲ್ಲ ಹೇಳಿದ್ರಲ್ಲ, ಯಾಕೆ ಇಲ್ಲ ಅಂತ ಒಬ್ಬರೂ ಹೇಳಲಿಲ್ಲ.”

ನಾನು ಬಾಯಿಗೆ ಬಂದಿದ್ದು ಹೇಳಿದೆ. ಅನುದಾನದ ಕೊರತೆ ಇರಬಹುದಮ್ಮ ಅಂತ.

“ದುಡ್ಡಿಲ್ಲ ಅಂದ್ರೆ ಯಾವ ಮಾತ್ರೇನೂ ಇರಬಾರದು ಅಲ್ವಾ ಸಾರ್? ಜ್ವರದ ಮಾತ್ರೆ ಕೇಳಿದಷ್ಟು ಕೊಡ್ತಾರಲ್ಲ.”

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಪ್ಪತ್ತು ನಿಮಿಷ ಕೂಗಾಡಿದ ನಮ್ಮ ಅತಿಥಿಗಳ ಹತ್ತಿರವೂ ಇರಲಿಲ್ಲ ಅಂತ ಕಾಣುತ್ತೆ. ಇವತ್ತು ಹೇಳೋದು ಆ ಪ್ರಶ್ನೆಯ ಉತ್ತರವನ್ನ. ಸ್ವಲ್ಪ ಲೆಕ್ಕ ಬರುತ್ತೆ, ಬೇಜಾರು ಮಾಡ್ಕೋಬೇಡಿ.

ಹಳೇ ಬೆಂಗಳೂರಿನ ಒಂದು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಒಂದು ಬೆಳಗ್ಗೆ ಔಷಧಿ ಕೌಂಟರಿನ ಪಕ್ಕ ಕೂತೆ. ಕ್ಯಾಮೆರಾ ಇಲ್ಲ, ಮೈಕ್ ಇಲ್ಲ. ಅದು ಯಾವ ಕೇಂದ್ರ ಅಂತ ಹೇಳಲ್ಲ, ಹೇಳಿದರೆ ನಾಳೆ ಆ ಫಾರ್ಮಸಿಸ್ಟ್‌ಗೆ ನೋಟಿಸ್ ಹೋಗುತ್ತೆ. ಜನ ಚೀಟಿ ಕೊಡ್ತಾರೆ, ಅವರು ಮಾತ್ರೆ ಎಣಿಸಿ ಕತ್ತರಿಯಲ್ಲಿ ಕತ್ತರಿಸಿ ಕೊಡ್ತಾರೆ, ರಿಜಿಸ್ಟರಿನಲ್ಲಿ ಬರೆದುಕೊಳ್ತಾರೆ. ಯಾರಿಗೆ ಏನು ಕೊಟ್ಟೆ, ಎಷ್ಟು ಕೊಟ್ಟೆ ಅಂತ ಅಚ್ಚುಕಟ್ಟಾಗಿ. ಆಮೇಲೆ ಒಬ್ಬ ಅಜ್ಜಿ ಬಂದರು. ಚೀಟಿಯಲ್ಲಿ ಮೂರು ಔಷಧಿ. ಎರಡು ಕೊಟ್ಟರು. “ಇದು ಇಲ್ಲ ಅಜ್ಜಿ, ಹೊರಗಡೆ ತಗೊಳ್ಳಿ” ಅಂದರು. ಅಜ್ಜಿ ಹೋದರು. ಫಾರ್ಮಸಿಸ್ಟ್ ರಿಜಿಸ್ಟರಿನಲ್ಲಿ ಎರಡು ಔಷಧಿ ಬರೆದರು.

ಮೂರನೆಯದು?

“ಕೊಡದೇ ಇರೋದನ್ನ ಎಲ್ಲಿ ಬರೀಲಿ ಸಾರ್? ಅದಕ್ಕೆ ಕಾಲಮ್ಮೇ ಇಲ್ಲ” ಅಂದರು.

ಅಲ್ಲಿಗೆ ನನ್ನ ಅರ್ಧ ಉತ್ತರ ಸಿಕ್ಕಿತು. ಆ ಅಜ್ಜಿ ಬಂದಿದ್ದಕ್ಕೆ, ಕೇಳಿದ್ದಕ್ಕೆ, ಸಿಗದೆ ಹೋಗಿದ್ದಕ್ಕೆ ಸರ್ಕಾರದ ಯಾವ ಪುಸ್ತಕದಲ್ಲೂ ಗುರುತಿಲ್ಲ.

ಈಗ ಇದರಿಂದ ಏನಾಗುತ್ತೆ ನೋಡಿ. ಸರ್ಕಾರಿ ವ್ಯವಸ್ಥೆಯಲ್ಲಿ ಮುಂದಿನ ವರ್ಷಕ್ಕೆ ಎಷ್ಟು ಔಷಧಿ ಬೇಕು ಅನ್ನೋ ಪಟ್ಟಿಗೆ ಇಂಡೆಂಟ್ ಅಂತಾರೆ. ಅದನ್ನ ಹೇಗೆ ಹಾಕ್ತಾರೆ? ಕಳೆದ ವರ್ಷ ಎಷ್ಟು ಖರ್ಚಾಯಿತು ನೋಡ್ತಾರೆ, ಅದಕ್ಕೆ ಸ್ವಲ್ಪ ಸೇರಿಸ್ತಾರೆ. ಕೇಳೋಕೆ ಸರಿಯಾಗೇ ಇದೆ. ಈಗ ಒಂದು ಕ್ಲಿನಿಕ್ ಇದೆ ಅಂತಿಟ್ಟುಕೊಳ್ಳಿ, ಇದು ಲೆಕ್ಕಕ್ಕೆ ನಾನು ಹೇಳ್ತಿರೋ ಉದಾಹರಣೆ. ಅಲ್ಲಿ 300 ಜನ ಬಿಪಿ ರೋಗಿಗಳು. ದಿನಕ್ಕೊಂದು ಆಮ್ಲೋಡಿಪಿನ್ ಮಾತ್ರೆ. ತಿಂಗಳಿಗೆ 9,000 ಮಾತ್ರೆ, ವರ್ಷಕ್ಕೆ 1,08,000 ಬೇಕು. ಆದರೆ ಆ ವರ್ಷ ಎಂಟು ತಿಂಗಳು ಮಾತ್ರ ದಾಸ್ತಾನು ಇತ್ತು, ನಾಲ್ಕು ತಿಂಗಳು ಖಾಲಿ. ಹಾಗಾದರೆ ರಿಜಿಸ್ಟರಿನ ಪ್ರಕಾರ ಖರ್ಚು ಎಷ್ಟು? 72,000. ಅದಕ್ಕೆ ಶೇಕಡ 10 ಸೇರಿಸಿ ಮುಂದಿನ ವರ್ಷಕ್ಕೆ 79,200 ಕೇಳಿದರು. ಕೇಳಿದ್ದು ಪೂರ್ತಿ ಬಂತು, ಒಂದು ಮಾತ್ರೆಯೂ ಕಡಿತ ಆಗಲಿಲ್ಲ ಅಂತಲೇ ಇಟ್ಟುಕೊಳ್ಳಿ. ತಿಂಗಳಿಗೆ 9,000ದ ಹಾಗೆ ಹಂಚಿದರೆ ಅದು ಒಂಬತ್ತು ತಿಂಗಳೂ ಮುಟ್ಟಲ್ಲ. ಮತ್ತೆ ಮೂರು ತಿಂಗಳು ‘ಹೊರಗಡೆ ತಗೊಳ್ಳಿ’. ಹೀಗೆ ವರ್ಷಾವರ್ಷ ಶೇಕಡ 10 ಸೇರಿಸುತ್ತಾ ಹೋದರೆ ನಿಜವಾದ ಅಗತ್ಯ ಮುಟ್ಟೋಕೆ ಐದು ವರ್ಷ ಬೇಕು. ಅಷ್ಟು ದಿನ ರೋಗಿಗಳ ಸಂಖ್ಯೆ 300ರಲ್ಲೇ ನಿಂತಿರುತ್ತಾ?

ಇನ್ನೊಂದು ಕಡೆ ಜ್ವರದ ಮಾತ್ರೆ. ಮಳೆಗಾಲದಲ್ಲಿ ಡೆಂಗಿ ಜೋರಾದ ವರ್ಷ ಪ್ಯಾರಾಸಿಟಮಾಲ್ ಹೆಚ್ಚು ಖರ್ಚಾಗುತ್ತೆ. ಅದು ಪುಸ್ತಕದಲ್ಲಿ ದಾಖಲಾಗುತ್ತೆ. ಮುಂದಿನ ವರ್ಷ ಅದಕ್ಕಿಂತ ಹೆಚ್ಚು ಬರುತ್ತೆ. ಇದ್ದಿದ್ದು ಬೆಳೆಯುತ್ತೆ, ಇಲ್ಲದ್ದು ಸೊರಗುತ್ತೆ. ಫೋನ್ ಮಾಡಿದ ಆ ತಾಯಿ ಕೇಳಿದ್ದು ಇದನ್ನೇ. ಹಣದ ಕೊರತೆ ಇಲ್ಲ ಅಂತ ನಾನು ಹೇಳ್ತಿಲ್ಲ, ಅದೂ ಇರುತ್ತೆ. ಆದರೆ ಒಂದೇ ಕಪಾಟಿನಲ್ಲಿ ಒಂದು ತುಂಬಿ ತುಳುಕಿ, ಇನ್ನೊಂದು ಬರಿದಾಗಿದ್ದರೆ ಅದು ಹಣಕ್ಕಿಂತ ಹೆಚ್ಚಾಗಿ ಲೆಕ್ಕದ ಕಾಯಿಲೆ.

ಎರಡನೇ ವಿಷಯ, ಯಾವಾಗ ಕೇಳಬೇಕು ಅನ್ನೋದು. ಇದನ್ನ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಮನೆಯಲ್ಲಿ ಎರಡು ಗ್ಯಾಸ್ ಸಿಲಿಂಡರ್ ಇಟ್ಟುಕೊಂಡಿರೋ ಪ್ರತಿಯೊಬ್ಬರಿಗೂ ಗೊತ್ತು. ಒಂದು ಖಾಲಿಯಾದ ದಿನವೇ ಬುಕ್ ಮಾಡ್ತೀರಿ. ಎರಡನೆಯದೂ ಖಾಲಿಯಾಗಿ ಒಲೆ ಆರಿದ ಮೇಲೆ ಬುಕ್ ಮಾಡಲ್ಲ. ದಾಸ್ತಾನು ನಿರ್ವಹಣೆ ಅನ್ನೋ ದೊಡ್ಡ ಹೆಸರಿನ ಶಾಸ್ತ್ರದ ತಿರುಳು ಇಷ್ಟೇ. ನಮ್ಮ ಉದಾಹರಣೆಯ ಕ್ಲಿನಿಕ್ಕಿನಲ್ಲಿ ದಿನಕ್ಕೆ 300 ಮಾತ್ರೆ ಹೋಗುತ್ತೆ. ಕೇಳಿದ ಮೇಲೆ ಬರೋಕೆ 60 ದಿನ ಹಿಡಿಯುತ್ತೆ ಅಂದರೆ 18,000 ಮಾತ್ರೆ ಆ ಕಾಯೋ ಹೊತ್ತಿಗೆ ಬೇಕು. ಲಾರಿ ತಡವಾದರೆ, ರೋಗಿಗಳು ಹೆಚ್ಚಾದರೆ ಅಂತ ಒಂದು ತಿಂಗಳಿನದು ಹೆಚ್ಚಿಗೆ, 9,000. ಒಟ್ಟು 27,000. ಕಪಾಟಿನಲ್ಲಿ 27,000ಕ್ಕೆ ಇಳಿದ ದಿನ ಬೇಡಿಕೆ ಹೋಗಬೇಕು. ಸೊನ್ನೆಗೆ ಇಳಿದ ದಿನ ಅಲ್ಲ. ವರ್ಷಕ್ಕೊಮ್ಮೆ ಇಂಡೆಂಟ್ ಹಾಕಿ ದೇವರ ಮೇಲೆ ಭಾರ ಹಾಕಿದರೆ ಈ ಲೆಕ್ಕಕ್ಕೆ ಅರ್ಥವೇ ಇಲ್ಲ.

60 ದಿನ ಯಾಕೆ ಬೇಕು, ಅಂಗಡಿಗೆ ಹೋಗಿ ತರಬಾರದಾ ಅಂತ ನೀವು ಕೇಳಬಹುದು. ಸರ್ಕಾರದ ಔಷಧಿ ಹೇಗೆ ಬರುತ್ತೆ ಹೇಳ್ತೀನಿ. ಆಸ್ಪತ್ರೆಗಳ ಇಂಡೆಂಟೆಲ್ಲ ಒಟ್ಟಾಗಿ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮಕ್ಕೆ ಹೋಗುತ್ತೆ. ಮಾಗಡಿ ರಸ್ತೆ ಕಡೆ ಡಾ. ಸಿದ್ದಯ್ಯ ಪುರಾಣಿಕ ರಸ್ತೆಯಲ್ಲಿದೆ ಅದರ ಕಚೇರಿ. ಮೊದಲು ಇದು ಸೊಸೈಟಿಯಾಗಿತ್ತು, ಆಮೇಲೆ ನಿಗಮವಾಯಿತು. ಅವರು 1999ರ ಪಾರದರ್ಶಕತೆ ಕಾಯ್ದೆ ಪ್ರಕಾರ ಟೆಂಡರ್ ಕರೆಯಬೇಕು. ಕಂಪನಿಗಳಿಗೆ ಕಾಲಾವಕಾಶ ಕೊಡಬೇಕು. ತಾಂತ್ರಿಕ ಬಿಡ್, ಬೆಲೆ ಬಿಡ್. ಯಾರೂ ಬರದಿದ್ದರೆ, ಅಥವಾ ಒಬ್ಬರೇ ಬಂದರೆ, ಮರು ಟೆಂಡರ್. ಕಂಪನಿ ಸಿಕ್ಕ ಮೇಲೆ ಅವರು ತಯಾರು ಮಾಡಿ ಜಿಲ್ಲಾ ಉಗ್ರಾಣಗಳಿಗೆ ಕಳಿಸಬೇಕು. ಅಲ್ಲಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ವರದಿ ಬರೋವರೆಗೂ ಪೆಟ್ಟಿಗೆ ಮುಟ್ಟೋ ಹಾಗಿಲ್ಲ. ವರದಿ ಬಂದ ಮೇಲೆ ಆಸ್ಪತ್ರೆಗಳಿಗೆ ಹಂಚಿಕೆ. ಈ ಸರಪಳಿಯಲ್ಲಿ ಒಂದು ಕೊಂಡಿ ಸಿಕ್ಕಿಹಾಕಿಕೊಂಡರೂ ಸಾಕು, ಕೊನೆಯಲ್ಲಿ ಚಾಮರಾಜಪೇಟೆಯ ಅತ್ತೆಗೆ ಮಾತ್ರೆ ಇಲ್ಲ.

ಹಾಗಂತ ಈ ಪರೀಕ್ಷೆ ಗಿರೀಕ್ಷೆ ಎಲ್ಲ ತೆಗೆದುಬಿಡಿ ಅಂತ ಯಾರಾದರೂ ಹೇಳಿದರೆ ಬಳ್ಳಾರಿಯನ್ನ ನೆನಪಿಸಿ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಐದು ಜನ. ಅನುಮಾನ ಹೋಗಿದ್ದು ರಿಂಗರ್ ಲ್ಯಾಕ್ಟೇಟ್ ಅನ್ನೋ ಸಾಮಾನ್ಯ ಡ್ರಿಪ್ ಬಾಟಲಿ ಮೇಲೆ. ಪಶ್ಚಿಮ ಬಂಗಾಳದ ಕಂಪನಿಯೊಂದು ಸರಬರಾಜು ಮಾಡಿದ್ದು. ಆ ಕಂಪನಿಯ ದ್ರಾವಣದ ಮೇಲೆ ಅದಕ್ಕೂ ಮೊದಲೇ ದೂರು ಬಂದು ಕೆಲವು ಬ್ಯಾಚುಗಳನ್ನ ತಡೆಹಿಡಿಯಲಾಗಿತ್ತು. ಒಂದು ಪ್ರಯೋಗಾಲಯ ಒಂದು ಹೇಳಿತು, ಇನ್ನೊಂದು ಇನ್ನೊಂದು ಹೇಳಿತು, ಕೊನೆಗೆ ಬಳಕೆಗೆ ಬಿಡುಗಡೆ ಆಯಿತು. ಸಾವುಗಳಾದ ಮೇಲೆ ರಾಜ್ಯದ ಔಷಧ ನಿಯಂತ್ರಕರನ್ನ ಅಮಾನತು ಮಾಡಿದರು. ಯಾವ ಬ್ಯಾಚು ಯಾವ ಆಸ್ಪತ್ರೆಗೆ ಹೋಗಿದೆ, ಎಷ್ಟು ಬಾಟಲಿ ಬಳಕೆಯಾಗಿದೆ, ಎಷ್ಟು ಉಳಿದಿದೆ ಅನ್ನೋದು ಒಂದು ಗಂಟೆಯಲ್ಲಿ ಗೊತ್ತಾಗಬೇಕಾದ ವಿಷಯ. ದಾಸ್ತಾನು ಪುಸ್ತಕ ಅಂದರೆ ಬರೀ ಗುಮಾಸ್ತರ ಕೆಲಸ ಅಂತ ನಾವು ತಿಳಿದುಕೊಂಡಿದ್ದೀವಿ. ಬ್ಯಾಚ್ ನಂಬರ್ ಬರೆಯೋ ಆ ಪುಟ್ಟ ಕಾಲಮ್ಮಿನ ಮೇಲೆ ಬಾಣಂತಿಯರ ಜೀವ ನಿಂತಿರುತ್ತೆ.

ಈಗ ನಮ್ಮ ತಪ್ಪಿನ ವಿಷಯಕ್ಕೆ ಬರ್ತೀನಿ. ನಮ್ಮ ಅಂದರೆ ಟಿವಿಯವರ.

ಆವತ್ತು ಕೌಂಟರಿನಲ್ಲಿ ಜನ ಕಡಿಮೆಯಾದ ಮೇಲೆ ಫಾರ್ಮಸಿಸ್ಟ್‌ನ ಕೇಳಿದೆ, ಕಡಿಮೆ ಬೀಳುತ್ತೆ ಅಂತ ಗೊತ್ತಿದ್ದೂ ನೀವೇ ಯಾಕೆ ಹೆಚ್ಚಿಗೆ ಕೇಳಲ್ಲ ಅಂತ. ಅವರು ನನ್ನ ಮುಖ ನೋಡಿ ನಕ್ಕರು. “ಹೆಚ್ಚಿಗೆ ತರಿಸಿ ಎಕ್ಸ್‌ಪೈರಿ ಆದರೆ ನಿಮ್ಮ ಕ್ಯಾಮೆರಾನೇ ಮೊದಲು ಬರುತ್ತಲ್ಲ ಸಾರ್.”

ನಿಜ. ಆಸ್ಪತ್ರೆ ಹಿತ್ತಲಲ್ಲಿ ಅವಧಿ ಮೀರಿದ ಔಷಧಿ ರಾಶಿ ಸಿಕ್ಕರೆ ನಮಗೆ ಹಬ್ಬ. ‘ಕೋಟಿ ಕೋಟಿ ಔಷಧಿ ಮಣ್ಣುಪಾಲು’ ಅಂತ ಪಟ್ಟಿ ಓಡಿಸ್ತೀವಿ, ಕೆಂಪು ಅಕ್ಷರದಲ್ಲಿ. ನಾನೇ ಎಷ್ಟು ಸಲ ಓದಿದ್ದೀನೋ ಲೆಕ್ಕ ಇಟ್ಟಿಲ್ಲ. ಅದಾದ ಮೇಲೆ ಏನಾಗುತ್ತೆ? ವಿಚಾರಣೆ, ಆಡಿಟ್ ಆಕ್ಷೇಪ, ನೋಟಿಸ್, ಸಂಬಳದಲ್ಲಿ ವಸೂಲಿ ಮಾಡ್ತೀವಿ ಅನ್ನೋ ಬೆದರಿಕೆ. ಅದೇ ಔಷಧಿ ನಾಲ್ಕು ತಿಂಗಳು ಇಲ್ಲದೇ ಇದ್ದರೆ? ಯಾರಿಗೂ ನೋಟಿಸ್ ಇಲ್ಲ. ಖಾಲಿ ಕಪಾಟನ್ನ ಕ್ಯಾಮೆರಾದಲ್ಲಿ ತೋರಿಸಿದರೆ ಅದರಲ್ಲಿ ನೋಡೋಕೇನಿದೆ? ಒಂದು ರ್‍ಯಾಕು, ಸ್ವಲ್ಪ ಧೂಳು. ಮಾತ್ರೆ ಸಿಗದ ಅಜ್ಜಿ ಆಗಲೇ ಮನೆಗೆ ಹೋಗಿರ್ತಾರೆ. ಹೀಗಿರುವಾಗ ಆ ಫಾರ್ಮಸಿಸ್ಟ್ ಜಾಗದಲ್ಲಿ ನೀವಿದ್ದರೆ ಏನು ಮಾಡ್ತೀರಿ? ಸ್ವಲ್ಪ ಕಡಿಮೆಯೇ ಕೇಳ್ತೀರಿ. ಅವರೂ ಅದನ್ನೇ ಮಾಡ್ತಾರೆ.

ಹಾಗಂತ ಎಕ್ಸ್‌ಪೈರಿ ಆಗೋದು ಸರಿ ಅಂತಲ್ಲ. ಅದಕ್ಕೂ ಮದ್ದಿದೆ. ಮೊದಲು ಅವಧಿ ಮುಗಿಯೋದನ್ನ ಮುಂದಿಡಿ, ಮೊದಲು ಕೊಡಿ. ಕಿರಾಣಿ ಅಂಗಡಿಯವರು ಹಳೇ ಬ್ರೆಡ್ಡನ್ನ ಮುಂದಕ್ಕೆ ತಳ್ಳಿ ಹೊಸದನ್ನ ಹಿಂದಿಡ್ತಾರಲ್ಲ, ಅದೇ. ಮೂರು ತಿಂಗಳಲ್ಲಿ ಮುಗಿಯೋದು ನಮ್ಮಲ್ಲಿ ಖರ್ಚಾಗಲ್ಲ ಅಂತ ಕಂಡರೆ ಖರ್ಚಾಗೋ ಆಸ್ಪತ್ರೆಗೆ ಕಳಿಸಿ. ಹೇಳೋಕೆ ಸುಲಭ. ಕಳಿಸೋದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ನಮ್ಮ ಹಳೇ ಬೆಂಗಳೂರನ್ನೇ ಒಂದು ಸುತ್ತು ಹಾಕಬೇಕು.

ಕೆ.ಆರ್. ಮಾರ್ಕೆಟ್ ಪಕ್ಕದ ವಿಕ್ಟೋರಿಯಾ ಆಸ್ಪತ್ರೆ, 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ್ದು. ಅದರ ಪಕ್ಕದಲ್ಲೇ ವಾಣಿ ವಿಲಾಸ. ಚಾಮರಾಜಪೇಟೆ ಕಡೆಗೆ ಬಂದರೆ ಮಿಂಟೋ ಕಣ್ಣಿನ ಆಸ್ಪತ್ರೆ. ಈ ಮೂರೂ ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದವು, ಅಂದರೆ ವೈದ್ಯಕೀಯ ಶಿಕ್ಷಣ ಇಲಾಖೆ. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಆರೋಗ್ಯ ಇಲಾಖೆಗೆ ಸೇರಿದ್ದು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಗಲ್ಲಿಗಳಲ್ಲಿರೋ ಹೆರಿಗೆ ಆಸ್ಪತ್ರೆ, ಡಿಸ್ಪೆನ್ಸರಿ, ನಗರ ಆರೋಗ್ಯ ಕೇಂದ್ರಗಳು ಪಾಲಿಕೆಯವು. ಅದರ ಜೊತೆಗೆ 2022ರ ಡಿಸೆಂಬರಿನಲ್ಲಿ ನಮ್ಮ ಕ್ಲಿನಿಕ್ ಶುರುವಾದವು. ರಾಜ್ಯಕ್ಕೆ 438, ಅದರಲ್ಲಿ ಬೆಂಗಳೂರಿಗೆ ವಾರ್ಡಿಗೊಂದರಂತೆ 243 ಅನ್ನೋದು ಯೋಜನೆ. ಆ ಪಾಲಿಕೆಯೂ ಈಗ ಒಂದಲ್ಲ, 2025ರ ಸೆಪ್ಟೆಂಬರಿನಿಂದ ಐದು.

ರೋಗಿಗೆ ಇದೆಲ್ಲ ‘ಸರ್ಕಾರಿ ಆಸ್ಪತ್ರೆ’. ಔಷಧಿ ಕಪಾಟಿಗೆ ಮಾತ್ರ ಇವು ಬೇರೆ ಬೇರೆ ದೇಶಗಳು. ಇಂಡೆಂಟ್ ಹೋಗೋ ದಾರಿ ಬೇರೆ, ಹಣದ ತಲೆಬರಹ ಬೇರೆ, ಲೆಕ್ಕ ಕೇಳೋ ಆಡಿಟರ್ ಬೇರೆ. ಒಂದು ಕಡೆ ಇನ್ನೆರಡು ತಿಂಗಳಲ್ಲಿ ಅವಧಿ ಮುಗಿಯೋ ಪೆಟ್ಟಿಗೆ ಇದ್ದು, ನಡೆದುಕೊಂಡು ಹೋಗುವಷ್ಟು ದೂರದ ಇನ್ನೊಂದು ಕಡೆ ಅದೇ ಮಾತ್ರೆ ಖಾಲಿ ಇದ್ದರೂ ಒಬ್ಬರಿಗೊಬ್ಬರಿಗೆ ಗೊತ್ತಾಗೋ ದಾರಿ ಇಲ್ಲ. ಗೊತ್ತಾದರೂ ಆಟೋದಲ್ಲಿ ಹಾಕಿ ಕಳಿಸೋ ಹಾಗಿಲ್ಲ. ಯಾರ ಆಸ್ತಿಯನ್ನ ಯಾರಿಗೆ ಕೊಟ್ಟಿರಿ ಅಂತ ಪ್ರಶ್ನೆ ಬರುತ್ತೆ. ಒಂದು ಮಾತು ಇಲ್ಲಿ ಹೇಳಬೇಕು. ಬಸವನಗುಡಿ, ಮಲ್ಲೇಶ್ವರ ಈಗಿನ ರೂಪಕ್ಕೆ ಬಂದಿದ್ದರಲ್ಲಿ 1898ರ ಪ್ಲೇಗಿನ ಪಾಲು ದೊಡ್ಡದು. ಇಕ್ಕಟ್ಟಾದ ಪೇಟೆಯಿಂದ ಜನರನ್ನ ಗಾಳಿ ಬೆಳಕಿಗೆ ತರಬೇಕು ಅಂತ ಅಗಲ ರಸ್ತೆ, ದೊಡ್ಡ ಸೈಟು ಮಾಡಿದರು. ಸಾರ್ವಜನಿಕ ಆರೋಗ್ಯದ ಕಾರಣಕ್ಕೆ ಬೆಳೆದ ಬಡಾವಣೆಗಳಿವು.

ಹಿಂದೆ ಹೇಗಿತ್ತು ಅಂತ ನಮ್ಮ ಹಿರಿಯ ವೀಕ್ಷಕರಿಗೆ ನೆನಪಿರಬಹುದು. ಆಸ್ಪತ್ರೆಗೆ ಹೋಗುವಾಗ ಮನೆಯಿಂದಲೇ ತೊಳೆದ ಬಾಟ್ಲಿ ತಗೊಂಡು ಹೋಗಬೇಕಿತ್ತು. ಕಾಂಪೌಂಡರ್ ದೊಡ್ಡ ಜಾಡಿಯಿಂದ ಮಿಕ್ಸ್ಚರ್ ಸುರಿದು, ಬಾಟ್ಲಿಗೆ ಕಾಗದದ ಪಟ್ಟಿ ಅಂಟಿಸಿ ಡೋಸ್ ಗುರುತು ಮಾಡಿಕೊಡ್ತಿದ್ದ. ನಾಲ್ಕಾರು ಜಾಡಿಗಳ ಮೇಲೆ ಊರೇ ನಡೀತಿತ್ತು. ಯಾವುದು ಖಾಲಿಯಾಗ್ತಿದೆ ಅಂತ ಕಾಂಪೌಂಡರ್ ಕಣ್ಣಿಗೇ ಕಾಣ್ತಿತ್ತು. ಜನ ಅದಕ್ಕೆ ನೀರು ಬೆರೆಸ್ತಾನೆ ಅಂತ ಬೈತಿದ್ದರು, ಅದು ಬೇರೆ ಮಾತು. ಈಗ ಕೇಂದ್ರದ ಅಗತ್ಯ ಔಷಧಿಗಳ 2022ರ ಪಟ್ಟಿಯಲ್ಲೇ 384 ಔಷಧಿ. ಅಷ್ಟನ್ನ ಕಣ್ಣಳತೆಯಲ್ಲಿ ನಡೆಸೋಕಾಗಲ್ಲ.

ಬಿಪಿ ಮಾತ್ರೆ ನಾಲ್ಕು ದಿನ ತಪ್ಪಿದರೆ ಏನಾಯ್ತು ಅಂತ ಕೇಳೋರಿದ್ದಾರೆ. ಬಿಪಿಯ ಮೋಸವೇ ಅದು. ಮಾತ್ರೆ ಬಿಟ್ಟ ದಿನ ಏನೂ ಆಗಲ್ಲ. ತಲೆನೋವೂ ಬರದೇ ಇರಬಹುದು. ಹೊರಗಡೆ ಕೊಳ್ಳೋಕೆ ಈ ತಿಂಗಳು ದುಡ್ಡಿಲ್ಲ, ಹೇಗೂ ಚೆನ್ನಾಗೇ ಇದ್ದೀನಲ್ಲ ಅಂತ ನಿಲ್ಲಿಸ್ತಾರೆ. ಎಷ್ಟೋ ತಿಂಗಳಾದ ಮೇಲೆ ಒಂದು ಬೆಳಗ್ಗೆ ಬಾಯಿ ಸೊಟ್ಟಗಾಗಿ, ಕೈ ಎತ್ತೋಕಾಗಲ್ಲ. ಆವಾಗ ಆಂಬುಲೆನ್ಸು, ಸ್ಕ್ಯಾನಿಂಗು, ಐಸಿಯು. ಆ ಲಕ್ವಕ್ಕೂ ಕೌಂಟರಿನಲ್ಲಿ ಹೇಳಿದ ‘ಇಲ್ಲ’ಕ್ಕೂ ಸಂಬಂಧ ಇದೆ ಅಂತ ಯಾವ ಡಾಕ್ಟರೂ ಬರೆಯಲ್ಲ.

ಕ್ಷಯದಲ್ಲಿ ಇದು ಇನ್ನೂ ಅಪಾಯ. ಸಾಮಾನ್ಯ ಟಿಬಿಗೆ ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು, ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ಮೂರು. ನಡುವೆ ನಿಲ್ಲಿಸಿದರೆ ಕ್ರಿಮಿ ಔಷಧಿಗೆ ಜಗ್ಗದ ಹಾಗೆ ಗಟ್ಟಿಯಾಗುತ್ತೆ. ಅದಕ್ಕೇ ಈ ಮಾತ್ರೆಗಳನ್ನ ಕೇಂದ್ರ ಸರ್ಕಾರವೇ ಕೊಂಡು ದೇಶಕ್ಕೆಲ್ಲ ಹಂಚುತ್ತೆ. 2024ರ ಮಾರ್ಚಿನಲ್ಲಿ ಆ ಸರಬರಾಜೇ ತಡವಾಯಿತು. ಮೂರು ತಿಂಗಳಿಗಾಗುವಷ್ಟು ನೀವೇ ಸ್ಥಳೀಯವಾಗಿ ಕೊಂಡುಕೊಳ್ಳಿ, ಅದೂ ಆಗದಿದ್ದರೆ ರೋಗಿ ಕೊಂಡ ಮಾತ್ರೆಯ ಹಣ ವಾಪಸು ಕೊಡಿ ಅಂತ ಕೇಂದ್ರದಿಂದ ರಾಜ್ಯಗಳಿಗೆ ಪತ್ರ ಹೋಯಿತು. ಸರಬರಾಜು ನಿಂತ ಮೇಲೆ ಪತ್ರ. ಸಿಲಿಂಡರ್ ಖಾಲಿಯಾದ ಮೇಲೆ ಬುಕಿಂಗ್.

ಹಾಗಾದರೆ ಎಲ್ಲಾದರೂ ಇದು ಸರಿಯಾಗಿ ನಡೆಯುತ್ತಾ? ನಡೆಯುತ್ತೆ. ದೂರ ಹೋಗಬೇಡಿ, ಅದೇ ಆರೋಗ್ಯ ಕೇಂದ್ರದ ಪಕ್ಕದ ಕೋಣೆಗೆ ಬನ್ನಿ. ಅಲ್ಲಿ ಲಸಿಕೆ ಇಡೋ ಫ್ರಿಡ್ಜ್ ಇದೆ. ಮಕ್ಕಳ ಲಸಿಕೆ ಇಲ್ಲ, ಹೊರಗಡೆ ತಗೊಳ್ಳಿ ಅಂತ ಬಿಪಿ ಮಾತ್ರೆಗೆ ಹೇಳಿದ ಹಾಗೆ ತಿಂಗಳುಗಟ್ಟಲೆ ಹೇಳಿದ್ದು ನೀವು ಕೇಳಿದ್ದೀರಾ? ಬಹಳ ಅಪರೂಪ. ಕಾರಣ, 2015ರಲ್ಲಿ ಇವಿನ್ ಅಂತ ಒಂದು ವ್ಯವಸ್ಥೆ ಶುರುವಾಗಿ ಆಮೇಲೆ ದೇಶಕ್ಕೆಲ್ಲ ಹಬ್ಬಿತು. ಲಸಿಕೆ ದಾಸ್ತಾನನ್ನ ಸಿಬ್ಬಂದಿ ಮೊಬೈಲಿನಲ್ಲೇ ಹಾಕ್ತಾರೆ. ಯಾವ ಕೇಂದ್ರದ ಫ್ರಿಡ್ಜಿನಲ್ಲಿ ಎಷ್ಟು ಡೋಸ್ ಇದೆ, ಫ್ರಿಡ್ಜಿನ ತಾಪಮಾನ 2ರಿಂದ 8 ಡಿಗ್ರಿಯೊಳಗಿದೆಯಾ ಅನ್ನೋದು ಜಿಲ್ಲೆಯಲ್ಲಿ, ರಾಜ್ಯದಲ್ಲಿ, ದೆಹಲಿಯಲ್ಲಿ ಕೂತವರಿಗೆ ಕಾಣುತ್ತೆ. ಕಡಿಮೆಯಾದರೆ ಕೇಳೋವರೆಗೂ ಕಾಯಲ್ಲ. ಅದೇ ಕಟ್ಟಡ, ಅದೇ ಸಿಬ್ಬಂದಿ, ಅದೇ ಸರ್ಕಾರ. ಬಾಗಿಲಾಚೆ ಒಂದು ಲೆಕ್ಕ, ಬಾಗಿಲೀಚೆ ಇನ್ನೊಂದು.

ಇನ್ನು ಪಕ್ಕದ ತಮಿಳುನಾಡು. ಅಲ್ಲಿ 1994ರಲ್ಲೇ ವೈದ್ಯಕೀಯ ಸೇವಾ ನಿಗಮ ಮಾಡಿದರು. ಅವರ ಉಪಾಯದಲ್ಲಿ ನನಗೆ ಹಿಡಿಸಿದ್ದು ಪಾಸ್‌ಬುಕ್. ಬ್ಯಾಂಕಿನ ಪಾಸ್‌ಬುಕ್ ಇದ್ದ ಹಾಗೆ ಪ್ರತಿ ಆಸ್ಪತ್ರೆಗೂ ಒಂದು. ನಿಮ್ಮ ಪಾಲಿನ ಔಷಧಿ ಹಣ ಇಷ್ಟು ಅಂತ ಅದರಲ್ಲಿ ನಮೂದಾಗಿರುತ್ತೆ. ಉಗ್ರಾಣಕ್ಕೆ ಹೋಗಿ ನಿಮಗೆ ಬೇಕಾದ ಔಷಧಿ ತಗೊಳ್ಳಿ, ಅಷ್ಟು ಹಣ ಕಳೆಯುತ್ತೆ. ಮೇಲಿನವರು ಹಂಚಿದ್ದನ್ನ ತಗೊಳ್ಳೋದಲ್ಲ, ನಮಗೆ ಬೇಕಾದ್ದನ್ನ ಎತ್ತೋದು. ನಿಮ್ಮ ಊರಲ್ಲಿ ಜ್ವರ ಇಲ್ಲ ಅಂದ್ರೆ ಪ್ಯಾರಾಸಿಟಮಾಲ್ ಬಿಡಿ, ಆ ಹಣಕ್ಕೆ ಬಿಪಿ ಮಾತ್ರೆ ತಗೊಳ್ಳಿ. ತುರ್ತಿಗೆ ಅಂತ ಔಷಧಿ ಹಣದಲ್ಲಿ ಸಣ್ಣ ಪಾಲನ್ನ ಸ್ಥಳೀಯ ಖರೀದಿಗೆ ಬಿಟ್ಟಿದ್ದಾರೆ. ಅಲ್ಲೂ ಎಲ್ಲ ಸ್ವರ್ಗ ಅಂತ ನಾನು ಹೇಳಲ್ಲ, ಆದರೆ ರಾಜಸ್ಥಾನ, ಕೇರಳ ಎಲ್ಲ ತಮ್ಮ ನಿಗಮ ಮಾಡುವಾಗ ನೋಡಿದ್ದು ಚೆನ್ನೈ ಕಡೆಗೆ.

ಬಿಪಿಗೆ ಬೇರೆ ಲೆಕ್ಕದ ದಾರಿಯೂ ಇದೆ. 2017ರಲ್ಲಿ ದೇಶದ ಕೆಲವು ರಾಜ್ಯಗಳಲ್ಲಿ ಅಧಿಕ ರಕ್ತದೊತ್ತಡ ನಿಯಂತ್ರಣದ ಒಂದು ಕಾರ್ಯಕ್ರಮ ಶುರುವಾಯಿತು. ಅವರು ಕಳೆದ ವರ್ಷದ ಖರ್ಚು ನೋಡಲಿಲ್ಲ. ನೋಂದಾಯಿಸಿದ ರೋಗಿಗಳೆಷ್ಟು ಎಣಿಸಿದರು. ಎಲ್ಲ ಡಾಕ್ಟರೂ ಒಂದೇ ಕ್ರಮದಲ್ಲಿ ನಾಲ್ಕಾರು ಔಷಧಿಯನ್ನಷ್ಟೇ ಬರೆಯೋ ಹಾಗೆ ಮಾಡಿದರು. ಇಷ್ಟು ತಲೆ, ತಲೆಗಿಷ್ಟು ಮಾತ್ರೆ, ಒಂದು ಸಲಕ್ಕೆ 30 ದಿನದ್ದು. ಗುಣಾಕಾರ ಅಷ್ಟೆ. ನಮ್ಮ 300 ರೋಗಿಗಳ ಕ್ಲಿನಿಕ್ಕಿಗೆ ಈ ಲೆಕ್ಕದಲ್ಲಿ ಮೊದಲ ವರ್ಷವೇ 1,08,000 ಬರುತ್ತೆ, ಐದು ವರ್ಷ ಕಾಯಬೇಕಿಲ್ಲ. ನಮ್ಮಲ್ಲೂ 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಹೋಗಿ ಬಿಪಿ, ಶುಗರ್ ತಪಾಸಣೆ ಮಾಡ್ತಿದ್ದಾರೆ. ಒಳ್ಳೆಯದೇ. ಆದರೆ ಹೊಸದಾಗಿ ಪತ್ತೆಯಾದ ಒಬ್ಬೊಬ್ಬರೂ ವರ್ಷಕ್ಕೆ 365 ಮಾತ್ರೆ. ಆ ಸಂಖ್ಯೆ ಇಂಡೆಂಟಿಗೆ ಸೇರಿತಾ ಅಂತ ಕೇಳಬೇಕಾದ್ದು ಈಗ.

ಮತ್ತೆ ನೀವೇನು ಮಾಡಬಹುದು? ಬೈಯೋಕೆ ಮುಂಚೆ ಮೂರು ಮಾತು ಕೇಳಿ. ಇವತ್ತು ಯಾವ ಔಷಧಿ ಇದೆ, ಯಾವುದಿಲ್ಲ ಅಂತ ಬೋರ್ಡಿನಲ್ಲಿ ಹಾಕಿದ್ದೀರಾ ಅಂತ ಕೇಳಿ. ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಸ್ಥಳೀಯವಾಗಿ ಕೊಂಡು ಕೊಡೋಕೆ ಆಗುತ್ತಾ ಅಂತ ವೈದ್ಯಾಧಿಕಾರಿಯನ್ನ ಕೇಳಿ, ಆ ಸಮಿತಿ ಇರೋದೇ ಇಂಥ ಹೊತ್ತಿಗೆ. ಮೂರನೆಯದು, ನನ್ನ ಚೀಟಿಯಲ್ಲಿರೋ ಈ ಔಷಧಿ ಇಲ್ಲ ಅಂತ ಚೀಟಿಯ ಮೇಲೇ ಬರೆದು ತಾರೀಖು ಹಾಕಿಕೊಡಿ ಅನ್ನಿ. ಜಗಳ ಬೇಡ. ಎದುರಿಗಿರೋ ಫಾರ್ಮಸಿಸ್ಟ್ ಟೆಂಡರ್ ಕರೆಯೋರಲ್ಲ. ಅವರಿಗೂ ಆ ಕಾಗದ ಬೇಕಾಗುತ್ತೆ, ಮುಂದಿನ ಇಂಡೆಂಟಿನಲ್ಲಿ ಹೆಚ್ಚಿಗೆ ಕೇಳೋಕೆ. ಇಲಾಖೆಯವರು ನೋಡ್ತಿದ್ದರೆ ಅವರಿಗೊಂದು ಮಾತು: ರಿಜಿಸ್ಟರಿನಲ್ಲಿ ಒಂದು ಕಾಲಮ್ ಹೆಚ್ಚಿಗೆ ಗೀಚೋಕೆ ಟೆಂಡರ್ ಬೇಕಾಗಿಲ್ಲ, ಒಂದು ಸ್ಕೇಲು, ಒಂದು ಪೆನ್ನು ಸಾಕು. ನಾವು ಟಿವಿಯವರೂ ಎಕ್ಸ್‌ಪೈರಿ ರಾಶಿ ತೋರಿಸೋ ದಿನ, ಅದೇ ಆಸ್ಪತ್ರೆಯಲ್ಲಿ ಏನೇನು ಎಷ್ಟು ದಿನದಿಂದ ಇಲ್ಲ ಅನ್ನೋ ಪಟ್ಟಿಯನ್ನೂ ಪಕ್ಕದಲ್ಲಿ ಹಾಕೋಣ ಅಂತ ನಮ್ಮ ಡೆಸ್ಕಿನಲ್ಲಿ ಹೇಳಿದ್ದೀನಿ. ನೋಡೋಣ.

ಚಾಮರಾಜಪೇಟೆಯ ಆ ತಾಯಿಗೆ ಕಳೆದ ವಾರ ನಾನೇ ಫೋನ್ ಮಾಡಿದ್ದೆ. ಇದನ್ನೆಲ್ಲ ಹೇಳಿದೆ. ಚೀಟಿ ಮೇಲೆ ಬರೆಸಿಕೊಳ್ಳಿ ಅಂತಲೂ ಹೇಳಿದೆ. ನಿನ್ನೆ ಸಂಜೆ ಅವರದೇ ಫೋನ್ ಬಂತು. ಅತ್ತೆಗೆ ಹದಿನೈದು ದಿನದ ಮಾತ್ರೆ ಸಿಕ್ಕಿದೆಯಂತೆ. ಉಳಿದ ಹದಿನೈದು ದಿನದ್ದು ಹೊರಗಡೆ ತಗೊಂಡರಂತೆ. ಚೀಟಿಯ ಮೇಲೆ ‘15 ಬಾಕಿ’ ಅಂತ ಫಾರ್ಮಸಿಸ್ಟ್ ಬರೆದುಕೊಟ್ಟಿದ್ದಾರೆ, ತಾರೀಖು ಸಮೇತ.